ಜೀಪಿನ ಹಿಂದೆ ಅಕ್ಕನ ಮನೆ

ಸೆಪ್ಟೆಂಬರ್ 1, 1991. ರವಿವಾರ. ಬೀಳಗಿ

ಹಾಲು ಉಕ್ಕಿತು. ಎಂಟನೆಯ ಕ್ಲಾಸಿನ ವಿಜ್ಞಾನದ ಪೇಪರ್ ಇನ್ನೂ ಅರ್ಧ ತಿದ್ದುವುದಿದೆ. ಅಕ್ಕನ ಸೊಂಟಕ್ಕೆ ಎಣ್ಣೆ ತಿಕ್ಕಿ ಕೈ ತೊಳೆಯುವಷ್ಟರಲ್ಲಿ ಹುನ್ನೂರಿನಿಂದ ಅಣ್ಣ ಬಂದ. ಕಬ್ಬಿಗೆ ನೀರು ಬಿಟ್ಟು ಬಂದವನು, ಕಾಲಲ್ಲಿ ಕೆಸರು ಹಾಗೇ ಇತ್ತು.

ಚಹಾ ಕುಡಿಯುವ ಮೊದಲೇ ಹೇಳಿಬಿಟ್ಟ.

"ಅಕ್ಕಾ, ದೀಪಾವಳಿಗೆ ಕುರಿ ಮಾರಿಬಿಡೂಣು. ನಿನಗ ನಡ್ಯಾಕ ಆಗೂದಿಲ್ಲ. ನನಗ ಹೊಲಾ ಬಿಟ್ಟ ಬರಾಕ ಆಗೂದಿಲ್ಲ. ಮಾಯವ್ವ, ಅಕಿ ಗಂಡ, ಇಬ್ರ ಎಷ್ಟಂತ ನೋಡ್ಯಾರು?"

ಮಾಯವ್ವ ಅಕ್ಕನ ಮಗಳು. ಅವಳೂ ಅವಳ ಗಂಡನೂ ಈಗ ಹಿಂಡು ಕಾಯುತ್ತಿದ್ದಾರೆ. ಆದರೆ ಯಾವ ಊರಿನ ದಾರಿ ಹಿಡಿಯಬೇಕು, ಯಾರ ಹೊಲದಲ್ಲಿ ಕುರಿ ನಿಲ್ಲಿಸಬೇಕು, ಯಾವ ಗೌಡನ ಹತ್ತಿರ ಎಷ್ಟು ಜೋಳ ಕೇಳಬೇಕು, ಎಲ್ಲ ಅಕ್ಕನದೇ. ಭಾವ ತೀರಿಕೊಂಡ ಮೇಲೆ ಹಿಂಡು ಅವಳ ಕೈಯಲ್ಲಿ ಇಮ್ಮಡಿಯಾಗಿತ್ತು. ಹೋದ ವರ್ಷ ಹಳ್ಳದ ದಡದಿಂದ ಬಿದ್ದು ಸೊಂಟ ಮುರಿಯಿತು. ಮಿರಜಿನಲ್ಲಿ ಪ್ಲೇಟ್ ಹಾಕಿದರು. ಅಂದಿನಿಂದ ನಮ್ಮ ಮನೆಯಲ್ಲಿದ್ದಾಳೆ. ಕೋಲು ಹಿಡಿದು ಹಿತ್ತಲಿನವರೆಗೆ ಹೋಗುತ್ತಾಳೆ. ನೆಲದ ಮೇಲೆ ಕೂರುವಂತಿಲ್ಲ, ಮಲಗುವಂತಿಲ್ಲ.

"ಮಾರಿದ ಮ್ಯಾಲ ನಾ ಏನ್ ಮಾಡ್ಲೋ ಹಾಲಸಿದ್ದಾ?"

"ಏನೂ ಮಾಡಬ್ಯಾಡ. ಆರಾಮ ಕುಂಡ್ರು."

ಅಣ್ಣ ಕೆಟ್ಟವನಲ್ಲ. ಒಳ್ಳೆಯದಕ್ಕೇ ಹೇಳಿದ. ಅವನು ಹೋದ ಮೇಲೆ ಅಕ್ಕ ಕೋಲಿನಿಂದ ನೆಲ ಕುಟ್ಟಿದಳು.

"ಕುಂಡ್ರು ಅಂದ. ಕೇಳಿದೇನ ಸೋಮಿ? ನನಗ ಕುಂಡ್ರು ಅಂದ."

ಪೇಪರ್ ತಿದ್ದಲಾಗಲಿಲ್ಲ.

ಸೆಪ್ಟೆಂಬರ್ 8

ಅಕ್ಕನನ್ನು ಜಮಖಂಡಿಗೆ ತೋರಿಸಲು ಕರೆದೊಯ್ದಿದ್ದೆ. ಮೂಳೆ ಕೂಡಿದೆ, ಆದರೆ ದೂರ ನಡೆಯುವ ಮಾತೇ ಬೇಡ ಎಂದರು ಡಾಕ್ಟರ್. ಅಕ್ಕ ತಲೆ ಅಲ್ಲಾಡಿಸಿದಳು. ಕೇಳಿಸಿಕೊಂಡಂತೆ ಕಾಣಲಿಲ್ಲ.

ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳು ಒಮ್ಮೆಲೇ ನನ್ನ ತೊಡೆಗೆ ಹೊಡೆದಳು. ಡಾಂಬರು ಹಾಕುವವರು ಕೆಲಸ ಮಾಡುತ್ತಿದ್ದರು. ರೋಡ್ ರೋಲರಿನ ಹಿಂದೆ ತಗಡಿನ ಒಂದು ಪುಟ್ಟ ಮನೆ — ಕಬ್ಬಿಣದ ಗಾಲಿ, ಬಾಗಿಲು, ಕಿಟಕಿ, ಕಿಟಕಿಗೆ ಒಣಹಾಕಿದ ಟವೆಲ್. ಒಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದರು.

"ಸೋಮಿ, ಅದು ಯಾರ ಮನಿ?"

"ರಸ್ತೆ ಕೆಲಸದವರದು. ಕೆಲಸ ಎಲ್ಲಿ ಹೋಗ್ತೈತೋ ಅಲ್ಲಿಗೆ ಎಳ್ಕೊಂಡು ಹೋಗ್ತಾರ."

"ಒಳಗ ಮಂಚ ಐತೇನು?"

"ಇರಬಹುದು."

ಬೀಳಗಿ ಬಂತು. ಇಳಿದ ಮೇಲೆ ಕೋಲು ಊರಿ ನಿಂತು ಹೇಳಿದಳು, "ನಿಮ್ಮ ಜೀಪ ಅಂಥಾದೊಂದು ಎಳೀತೈತೋ ಇಲ್ಲೋ ನಿನ್ನ ಗಂಡಗ ಕೇಳು."

ಇವರು ಊಟ ಮಾಡುತ್ತಿದ್ದರು. ಕೇಳಿದೆ. ಕೈಯಲ್ಲಿನ ತುತ್ತು ಹಾಗೇ ನಿಂತಿತು. ಕೃಷಿ ಇಲಾಖೆಯ ಹರಾಜಿನಲ್ಲಿ ಇವರು ಆಸೆಪಟ್ಟು ತೆಗೆದುಕೊಂಡ ಜೀಪು, ಹೆಂಡತಿಯ ನಂತರ ಅದೇ. ನನಗಿಂತ ಮುಂಚೆ ಎಂದರೂ ತಪ್ಪಿಲ್ಲ. ಆದರೂ ಬೇಡ ಅನ್ನಲಿಲ್ಲ.

"ಎಳೀಬಹುದು... ನೋಡೂಣು."

ಅಕ್ಕ ಒಳಗಿನಿಂದ: "ಸಿದರಾಯಪ್ಪ, ಇನ್ನೆರಡು ರೊಟ್ಟಿ ಹಾಕ್ಕೊಳ್ಳೋ!"

ಸೆಪ್ಟೆಂಬರ್ 15

ಜಮಖಂಡಿಯಲ್ಲಿ ಜಕ್ಕಪ್ಪನ ವರ್ಕ್‌ಶಾಪ್. ಕಬ್ಬಿನ ಟ್ರೇಲರ್ ಮಾಡುವುದರಲ್ಲಿ ಅವನದೇ ಹೆಸರು. ನಾನು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡು ಹೋಗಿದ್ದೆ. ಮುಂದೆ ಬಾಗಿಲು, ನಡುವೆ ಮಂಚ, ಹಿಂದೆ ಮರಿಗಳಿಗೆ ಜಾಲರಿ ಗೂಡು. ಎಳೆಯ ಮರಿಗಳು ಹಿಂಡಿನ ಜೊತೆ ನಡೆಯಲಾರವು. ಹೆಂಗಸರು ಹೊತ್ತು ಹೊತ್ತು ಸಾಕಾಗುತ್ತದೆ.

ಜಕ್ಕಪ್ಪ ಚಿತ್ರದ ಮೇಲೆ ಒಮ್ಮೆ ಕಣ್ಣಾಡಿಸಿ ಬದಿಗಿಟ್ಟ. "ಅಕ್ಕೋರ, ನೀವು ಚಿಂತಿ ಬಿಡ್ರಿ. ಮ್ಯಾಲ ಆನಿ ನಿಂತ್ರೂ ಬಾಗಬಾರದು, ಹಂಗ ಮಾಡ್ಕೊಡ್ತೀನಿ."

ಆನೆ ಎಲ್ಲಿಂದ ಬರಬೇಕು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಖುಷಿಯಾಗಿತ್ತು.

ಅಕ್ಟೋಬರ್ 1

ಬಂತು. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಕಳಿಸಿದ್ದಾನೆ. ಹಸಿರು ಬಣ್ಣ, ಕಿಟಕಿಗೆ ಹಳದಿ. ಓಣಿಯ ಜನವೆಲ್ಲ ಕೂಡಿತು. ಅಕ್ಕ ಭಂಡಾರದ ಅರಿಶಿನ ಹಚ್ಚಿ, ತೆಂಗಿನಕಾಯಿ ಒಡೆಸಿ, ಬೀರೇಶ್ವರನ ಹೆಸರು ಹೇಳಿ, ಇಬ್ಬರ ಭುಜ ಹಿಡಿದು ಒಳಗೆ ಹತ್ತಿದಳು. ಮಂಚದ ಮೇಲೆ ಕೂತಳು. ಕಿಟಕಿ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು.

ಎಷ್ಟೋ ತಿಂಗಳ ನಂತರ ಅವಳ ಹಲ್ಲು ಕಂಡಿತು.

ನಾಳೆ ಗಾಂಧಿ ಜಯಂತಿ. ಸಾಲೆಯಲ್ಲಿ ಕಾರ್ಯಕ್ರಮ ಮುಗಿಸಿ ಟ್ರಯಲ್. ಇವರಿಗೆ ರಜೆಯಲ್ಲೂ ಆಫೀಸಿನ ಕೆಲಸ, ನಾನೇ ಓಡಿಸುತ್ತೇನೆ. ಲೈಸೆನ್ಸ್ ತೆಗೆದು ಎರಡು ವರ್ಷವಾಯಿತು. ಬೀಳಗಿಯಲ್ಲಿ ಜೀಪು ಓಡಿಸುವ ಹೆಂಗಸು ಎಂದರೆ ಈಗಲೂ ಹುಡುಗರು ಓಡಿಬಂದು ನೋಡುತ್ತಾರೆ.

ಅಕ್ಟೋಬರ್ 2

ಅಕ್ಷರ ಕೆಟ್ಟಿದೆ.

ಯಾರಿಗೂ ಏನೂ ಆಗಿಲ್ಲ. ಮೊದಲು ಅದನ್ನು ಬರೆಯಬೇಕು. ಅಕ್ಕ ಮನೆಯಲ್ಲೇ ಇದ್ದಳು. ಜೀಪಿನಲ್ಲಿ ನಾನೊಬ್ಬಳೇ.

ಹಿಂದೆ ನೀರಿನ ಡ್ರಮ್, ಮರಿಗಳ ಭಾರಕ್ಕೆ ಉಸುಕಿನ ಚೀಲ, ಅಕ್ಕನ ಬೀಸುವ ಕಲ್ಲು, ಎಲ್ಲ ತುಂಬಿದ್ದೆವು. ಊರು ದಾಟುವವರೆಗೆ ಚೆನ್ನಾಗಿತ್ತು. ಗುಡ್ಡದ ಇಳಿಜಾರಿನಲ್ಲಿ ಸ್ವಲ್ಪ ವೇಗ ಹೆಚ್ಚಿತು. ಹಿಂದೆ ಯಾರೋ ಜೀಪಿನ ಬಾಲ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದಂತಾಯಿತು. ಸ್ಟೇರಿಂಗ್ ತಿರುಗಿಸಿದರೆ ಇನ್ನೂ ಹೆಚ್ಚು. ಬ್ರೇಕ್ ಒತ್ತಿದೆ. ಟ್ರೇಲರ್ ಹಿಂದಿನಿಂದ ನೂಕಿತು. ಜೀಪು ಅಡ್ಡ ನಿಂತಿತು. ಟ್ರೇಲರ್ ಗಟಾರಕ್ಕೆ ಇಳಿದು ಒರಗಿತು. ಹಸಿರು ತಗಡು ಸೀಳಿ ಒಳಗಿನ ಮಂಚ ಕಾಣುತ್ತಿತ್ತು.

ದಾರಿಯಲ್ಲಿದ್ದವರು ಬಂದರು. ಒಬ್ಬ ಕೇಳಿದ, "ಡ್ರೈವರ್ ಎಲ್ಲಿ?"

ನಾನೇ ಎಂದೆ.

"ಹಂಗಾರ ಸರಿ ಬಿಡ್ರಿ," ಎಂದ.

ಅಕ್ಟೋಬರ್ 4

ಅಣ್ಣ ಬಂದಿದ್ದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸೋಮಿ, ನೀ ಸಾಲ್ಯಾಗ ಪಾಠಾ ಹೇಳು. ಅದು ನಿನಗ ಬರ್ತೈತಿ. ಇದೆಲ್ಲಾ ಯಾಕ ಬೇಕವ್ವಾ? ಅಕ್ಕ ಒಳಗ ಇದ್ದಿದ್ರ?"

ಅಕ್ಕ ಒಳಗಿದ್ದಿದ್ದರೆ... ಎರಡು ದಿನದಿಂದ ಅದೇ ತಲೆಯಲ್ಲಿ. ವ್ಯಾಪಾರಿ ದೀಪಾವಳಿಯ ಮುನ್ನ ಬಂದು ಕುರಿ ನೋಡುತ್ತಾನಂತೆ. ಮಾತಾಗಿದೆ.

ಅಕ್ಕ ಕೇಳಿದ್ದು ಒಂದೇ. "ನಿನ್ನ ಕೈ ತಪ್ಪಿತೇನು?"

"ಗೊತ್ತಿಲ್ಲ ಅಕ್ಕಾ."

"ಗೊತ್ತ ಮಾಡ್ಕೋ ಮತ್ತ."

ಅಕ್ಟೋಬರ್ 6. ರವಿವಾರ

ಇವತ್ತಿನದನ್ನು ಪೂರ್ತಿ ಬರೆಯುತ್ತೇನೆ.

ಇವರು ಬೆಳಿಗ್ಗೆಯೇ ಟ್ರೇಲರಿನ ಗಾಲಿ ಬದಲಾಯಿಸಿ, ಜೀಪಿಗೆ ಕಟ್ಟಿದರು. "ನಾ ಓಡಿಸಿ ನೋಡ್ತೀನಿ," ಎಂದರು. ಹದಿನೈದು ವರ್ಷದಿಂದ ಜೀಪು ಓಡಿಸುವವರು, ಹೊಲದಲ್ಲಿ, ಹಳ್ಳದಲ್ಲಿ, ಕೆಸರಿನಲ್ಲಿ. ಅದೇ ಭಾರ, ಅದೇ ಇಳಿಜಾರು. ನಾನು ಪಕ್ಕದಲ್ಲಿ ಕೂತೆ.

ಅದೇ ಜಾಗದಲ್ಲಿ ಬಾಲ ಅಲ್ಲಾಡತೊಡಗಿತು.

ಇವರು ಆ್ಯಕ್ಸಲರೇಟರ್ ಬಿಟ್ಟು, ಸ್ಟೇರಿಂಗ್ ನೆಟ್ಟಗೆ ಹಿಡಿದು, ಹಲ್ಲು ಕಚ್ಚಿ ಹೇಗೋ ನಿಲ್ಲಿಸಿದರು. ಮೊದಲೇ ಗೊತ್ತಿದ್ದಕ್ಕೆ ನಿಂತಿತು, ಅವರೇ ಹೇಳಿದರು. ಕೆಳಗಿಳಿದು ಟವೆಲಿನಿಂದ ಮುಖ ಒರೆಸಿಕೊಂಡರು.

"ನಿಂದಲ್ಲ ಸೋಮವ್ವ. ಖರೆ ಹೇಳ್ತೇನಿ, ನಿಂದಲ್ಲ. ಇದರದ ತಪ್ಪೈತಿ."

ರಸ್ತೆಯ ಪಕ್ಕ ಕೂತು ನಕ್ಕುಬಿಟ್ಟೆ. ನಗು ನಿಲ್ಲಲೇ ಇಲ್ಲ. ಇವರು ಗಾಬರಿಯಾಗಿ ನೀರು ಕೊಟ್ಟರು. ನನ್ನ ಕೈಯದಲ್ಲ! ಟ್ರೇಲರಿನ ತಪ್ಪಾದರೆ ಅದಕ್ಕೆ ಕಾರಣ ಇರಬೇಕು, ಕಾರಣ ಇದ್ದರೆ ಹುಡುಕಬಹುದು. ದಿನಾ ಹುಡುಗಿಯರಿಗೆ ಹೇಳುವುದು ಅದನ್ನೇ ಅಲ್ಲವೇ.

ಅಕ್ಟೋಬರ್ 8

ದಸರಾ ರಜೆ ಶುರು. ಮುಧೋಳ ರಸ್ತೆಯ ಕಾಟಾಕ್ಕೆ ಹೋದೆವು, ನಿಧಾನವಾಗಿ, ಎತ್ತಿನ ಗಾಡಿಯ ವೇಗದಲ್ಲಿ. ಕಬ್ಬಿನ ಗಾಡಿ ತೂಗುವವನು ನಮ್ಮನ್ನು ನೋಡಿ ನಕ್ಕ. ತೂಗಿ ಕೊಟ್ಟ.

ಜೀಪು ಹನ್ನೆರಡು ಕ್ವಿಂಟಲ್. ಟ್ರೇಲರ್ ತುಂಬಿದಾಗ ಹದಿನಾಲ್ಕೂವರೆ.

ಎಳೆಯುವವನಿಗಿಂತ ಎಳೆಸಿಕೊಳ್ಳುವವನೇ ದಪ್ಪ! ಎಳೆಯುತ್ತದೆ, ಸುಳ್ಳಲ್ಲ. ಎಂಜಿನ್ ಬಲವಾಗಿದೆ. ಆದರೆ ನಿಲ್ಲಿಸಬೇಕಲ್ಲ. ಇಳಿಜಾರಿನಲ್ಲಿ ಯಾರು ಯಾರನ್ನು ಕರೆದೊಯ್ಯುತ್ತಾರೆ?

ಇನ್ನೊಂದು. ಹುಕ್ ಕಳಚಲು ಹೋದರೆ ಟ್ರೇಲರಿನ ಮುಂದಿನ ದಂಡ ತಾನೇ ಮೇಲೆದ್ದಿತು. ಕೆಳಗಿಳಿಸಲು ನಾನು ಮೈಭಾರ ಹಾಕಿ ಒತ್ತಬೇಕಾಯಿತು. ಭಾರವೆಲ್ಲ ಹಿಂದೆ ಕೂತಿದೆ. ಓಡುವಾಗ ಜೀಪಿನ ಹಿಂಭಾಗವನ್ನು ಅದು ಮೇಲಕ್ಕೆ ಎತ್ತುತ್ತಿತ್ತು.

ಬಾಗಿಲು ಮುಂದೆ, ಮರಿ ಹಿಂದೆ ಎಂದು ಚಿತ್ರ ಬರೆದವಳು ನಾನೇ. ಇರಲಿ.

ಅಕ್ಟೋಬರ್ 10

ಅಡುಗೆಮನೆ ಪ್ರಯೋಗಶಾಲೆಯಾಗಿದೆ. ಬನಹಟ್ಟಿಯ ಸಾಲೆಯಲ್ಲಿದ್ದಾಗ ಮಗ್ಗದವರು ಕೊಟ್ಟ, ನೂಲು ಸುತ್ತುವ ಹಳೆಯ ಬಾಬಿನ್‌ಗಳಿದ್ದವು. ಅವೇ ಗಾಲಿ. ಮರದ ಪಟ್ಟಿಗಳಿಗೆ ಕಟ್ಟಿ ಒಂದು ಪುಟ್ಟ ಜೀಪು, ಅದರ ಹಿಂದೆ ಒಂದು ಪುಟ್ಟ ಟ್ರೇಲರ್ ಮಾಡಿದೆ. ಇಸ್ತ್ರಿ ಟೇಬಲ್ಲನ್ನು ಓರೆ ಮಾಡಿ ದಾರದಿಂದ ಎಳೆದೆ.

ಕಲ್ಲು ಹಿಂದಿಟ್ಟರೆ — ಹಾವಿನಂತೆ ಹೊರಳುತ್ತದೆ. ಮುಂದಿಟ್ಟರೆ — ನೆಟ್ಟಗೆ. ತೀರಾ ಮುಂದಿಟ್ಟರೆ ಎಳೆಯುವ ಗಾಡಿಯ ಹಿಂಭಾಗ ಕುಸಿದು ಮುಂದಿನ ಗಾಲಿ ಎದ್ದೇಳುತ್ತದೆ, ತಿರುಗಿಸಲು ಬರುವುದಿಲ್ಲ. ಕಲ್ಲನ್ನು ಸರಿಸುತ್ತ ಸರಿಸುತ್ತ ನೋಡಿದೆ. ಒಟ್ಟು ಭಾರದಲ್ಲಿ ಹತ್ತರಲ್ಲೊಂದು ಪಾಲು ಹುಕ್ಕಿನ ಮೇಲೆ ಕೂತರೆ ಸುಖ. ಸ್ವಲ್ಪ ಹೆಚ್ಚಾದರೂ ನಡೆದೀತು, ಕಡಿಮೆಯಾಗಬಾರದು.

ಅಕ್ಕ ಮಂಚದ ಮೇಲಿಂದ ಎಲ್ಲ ನೋಡುತ್ತಿದ್ದಳು. "ಒಂದೀಟ ನನ್ನ ಕಡೆ ಕೊಡು," ಎಂದು ದಾರ ಇಸಿದುಕೊಂಡಳು. ಮಧ್ಯಾಹ್ನವೆಲ್ಲ ಅವಳ ಕೈಯಲ್ಲೇ ಇತ್ತು. ಅಡುಗೆ ತಡವಾಯಿತು. ಇವರೂ ಬಂದು ಆಡಿದರು.

ಅಕ್ಟೋಬರ್ 12

ಜಕ್ಕಪ್ಪ ಸಿಟ್ಟಿಗೆದ್ದ.

"ನನ್ನ ಟ್ರೇಲರ್ ಫ್ಯಾಕ್ಟರಿಗೆ ದಿನಾ ಹೊಕ್ಕಾವು. ಯಾರೂ ಒಂದ ಮಾತ ಅಂದಿಲ್ಲ. ಹಗುರ ಮಾಡು ಅಂತೀರಿ. ಹಗುರ ಮಾಡಿದ್ದು ಮುರೀತೈತಿ, ಮುರಿದ್ರ ಜಕ್ಕಪ್ಪ ಮಾಡಿದ್ದ ಅಂತಾರ."

"ಟ್ರ್ಯಾಕ್ಟರಿಗೆ ಅದು ಸರಿ ಐತಿ ಜಕ್ಕಪ್ಪ. ಟ್ರ್ಯಾಕ್ಟರ್ ಭಾರ, ಓಟ ಕಡಿಮಿ. ಇದು ಜೀಪು."

"ಜೀಪಿಗೆ ಬ್ಯಾರೆ ಏನ್ರಿ?"

ಚೀಲದಿಂದ ಬಾಬಿನ್ ಗಾಡಿ ತೆಗೆದೆ. ಅವನ ಹಲಗೆಯ ಮೇಲೇ ಓಡಿಸಿದೆ. ಹಿಂದೆ ನಟ್ಟು ಇಟ್ಟು, ಮುಂದೆ ನಟ್ಟು ಇಟ್ಟು. ನೋಡಿದ. ಬೀಡಿ ಆರಿಸಿದ. ತಾನೇ ಎಳೆದ. ಕೆಲಸದವರೆಲ್ಲ ಸುತ್ತ ನಿಂತರು.

"ಅಲಲಲಾ... ಇದೇನ್ರಿ ಇದು, ಬಾಲಾ ಅಲ್ಲಾಡಸ್ತೈತಿ!" ಎಂದ. ಮತ್ತೆ ಎಳೆದ.

ಚಹಾ ತರಿಸಿದ. ನನ್ನ ಹೊಸ ಚಿತ್ರವನ್ನು ಈ ಸಲ ಪೂರ್ತಿ ನೋಡಿದ. ಕಬ್ಬಿಣದ ದಪ್ಪ ಚಾನೆಲ್ ತೆಗೆದು ಹಗುರ ಆ್ಯಂಗಲ್ ಪಟ್ಟಿ ಹಾಕುವುದು. ಗೋಡೆ ಅರ್ಧ ತಗಡು, ಮೇಲೆ ತಾಡಪಾಲು. ಗಾಲಿಯ ಆಕ್ಸಲ್ ನಡುವಿನಿಂದ ಹಿಂದಕ್ಕೆ. ಮರಿಗಳ ಗೂಡು ಮುಂದೆ, ಬಾಗಿಲು ಪಕ್ಕಕ್ಕೆ. ದಂಡ ಜೀಪಿನ ಹುಕ್ಕಿನ ಎತ್ತರಕ್ಕೇ ಸಮ. ಗಾಲಿ ಜೀಪಿನವೇ ಆಗಿರಬೇಕು, ಸ್ಟೆಪ್ನಿ ಎರಡಕ್ಕೂ ಒಂದೇ ಸಾಕು.

ಏಳಬೇಕು ಅನ್ನುವಾಗ ಅವನೇ ಕೇಳಿದ, "ಅಕ್ಕೋರ, ಇಳಕಲಾ ಬಂದಾಗ ಅದು ನೂಕೂದು ಹಂಗ ಇರ್ತೈತಲ್ರಿ. ಅದಕ್ಕೇನ್ ಮಾಡ್ತೀರಿ?"

ಬಾಬಿನ್ ಗಾಡಿಯನ್ನು ಬೆರಳಿನಿಂದ ನೂಕಿ ನೋಡಿದೆ.

"ನೂಕ್ಲಿ ಬಿಡ್ರಿ," ಎಂದ ಜಕ್ಕಪ್ಪ. ಕಣ್ಣು ಮಿನುಗುತ್ತಿತ್ತು. "ನೂಕೂದರಿಂದನ ಬ್ರೇಕ್ ಹಿಡಿಸ್ತೀನಿ."

ಅಕ್ಟೋಬರ್ 27

ಎರಡು ವಾರ ಬರೆಯಲಿಲ್ಲ. ದಸರಾ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಬನ್ನಿ ಕೊಡಲು ಬಂದವರಿಗೆಲ್ಲ ಕೈತುಂಬ ಗ್ರೀಸು.

ಜಕ್ಕಪ್ಪ ಹೇಳಿದಂತೆ ಮಾಡಿದ್ದಾನೆ. ಹಳೆಯ ಜೀಪೊಂದರ ಆಕ್ಸಲ್ ತಂದ, ಅದರದೇ ಬ್ರೇಕ್ ಇದ್ದವು. ಮುಂದಿನ ದಂಡ ಒಂದು ಪೈಪಿನೊಳಗೆ ಜಾರುತ್ತದೆ. ಜೀಪು ನಿಧಾನವಾದರೆ ಟ್ರೇಲರ್ ಮುಂದೆ ನೂಕುತ್ತದೆ, ದಂಡ ಜಾರುತ್ತದೆ, ಕೇಬಲ್ ಎಳೆಯುತ್ತದೆ, ಟ್ರೇಲರಿನ ಗಾಲಿ ತಾನೇ ಹಿಡಿಯುತ್ತದೆ. ರಿವರ್ಸ್ ಹೋಗುವಾಗ ಮಾತ್ರ ಒಂದು ಪಿನ್ ಸಿಗಿಸಬೇಕು. ಹುಕ್ ಬಿಟ್ಟುಹೋದರೂ ಇರಲಿ ಎಂದು ಕೆಳಗೆ ಎರಡು ಸರಪಳಿ, ಅಡ್ಡಡ್ಡ.

ಸಾಮಾನು ತುಂಬುವ ದಿನ ಅಕ್ಕನಿಗೂ ನನಗೂ ಜಗಳ.

"ಬೀಸೂ ಕಲ್ಲ ಬ್ಯಾಡ ಅಕ್ಕಾ. ಹಿಟ್ಟಿನ ಗಿರಣಿ ಎಲ್ಲಾ ಊರಾಗ ಅದಾವು."

"ಗಿರಣಿ ಹಿಟ್ಟಿನ ರೊಟ್ಟಿ ನೀವ್ ತಿನ್ರಿ."

ಕಲ್ಲನ್ನೂ ಜೊತೆಗೆ ಒಯ್ಯಲೇಬೇಕಾಯಿತು. ಆಕ್ಸಲ್‌ಗಿಂತ ಸ್ವಲ್ಪ ಮುಂದೆ, ನೆಲಕ್ಕೆ ಬಿಗಿದು ಕಟ್ಟಿದೆ. ಕಾಟಾದಲ್ಲಿ ಪೂರ್ತಿ ತುಂಬಿ ತೂಗಿದರೆ ಏಳು ಕ್ವಿಂಟಲ್. ಮೊದಲಿನ ಅರ್ಧಕ್ಕಿಂತ ಕಡಿಮೆ! ದಂಡದ ತುದಿಯನ್ನು ಅಡತಿ ಅಂಗಡಿಯ ತಕ್ಕಡಿಯ ಮೇಲಿಟ್ಟೆ. ಎಪ್ಪತ್ತೆರಡು ಕಿಲೋ. ಅಂಗಡಿಯವರ ಎದುರಿಗೇ ಕುಣಿಯಬೇಕು ಅನ್ನಿಸಿತು.

ಬಾಗಲಕೋಟೆಯಲ್ಲಿ ಆರ್‌ಟಿಓ ಪಾಸಿಂಗ್ ಕೂಡ ಆಯಿತು. ಇನ್‌ಸ್ಪೆಕ್ಟರ್ ಒಳಗೆ ಹತ್ತಿ ಅಕ್ಕನ ಮಂಚದ ಮೇಲೆ ಕೂತು ನೋಡಿದರು. "ನಡೆಯುವಾಗ ಒಳಗೆ ಜನ ಕೂರುವ ಹಾಗಿಲ್ಲ," ಎಂದರು. ಅಕ್ಕ ಜೀಪಿನ ಮುಂದಿನ ಸೀಟಿನಲ್ಲಿ ಎಂದೆ. "ಹಂಗಾದ್ರ ಹೋಗಿಬರ್ರಿ," ಎಂದು ನಕ್ಕರು.

ನವೆಂಬರ್ 2

ವ್ಯಾಪಾರಿ ಬಂದು ಕುರಿ ನೋಡಿ ಹೋದ. ಅವನಿಗೆ ಮನಸ್ಸಿದೆ. ಬಲಿಪಾಡ್ಯದ ಮರುದಿನ ಲಾರಿ ತರುತ್ತಾನಂತೆ.

ಅಕ್ಕ ಹುನ್ನೂರಿಗೆ ಹೇಳಿಕಳಿಸಿದಳು. ಅಣ್ಣ ಬಂದ. ಅವಳು ಕುರ್ಚಿಯಲ್ಲಿ, ಕೋಲು ಮೊಣಕಾಲ ಮೇಲೆ.

"ಹಾಲಸಿದ್ದಾ, ನಾಳೆ ಸೋಮಿ ಗಾಡಿ ಹೊಡೀತಾಳ. ಅದ ಗುಡ್ಡಾ. ನೀ ಅಕಿ ಬಾಜೂ ಕುಂಡ್ರಬೇಕು."

"ನಾ ಯಾಕ?"

"ಇಳದ ಮ್ಯಾಲೂ ನಿನಗ ಮಾರಬೇಕ ಅನಿಸಿದ್ರ ಮಾರು. ನಾ ಬಾಯಿ ತೆಗ್ಯೂದಿಲ್ಲ."

ಅಣ್ಣ ನನ್ನ ಕಡೆ ನೋಡಿದ. ನಾನು ಇವರ ಕಡೆ ನೋಡಿದೆ. ಇವರು, "ನಾ ಹೊಡೀಲೇನು?" ಎಂದರು.

"ಬ್ಯಾಡ," ಎಂದಳು ಅಕ್ಕ. "ಬಿದ್ದಾಕೀನ ಎದ್ದು ತೋರಿಸಲಿ."

ನಿದ್ದೆ ಬರುವುದು ಕಷ್ಟ.

ನವೆಂಬರ್ 3. ರವಿವಾರ

ಬರೆಯುತ್ತೇನೆ, ಮೊದಲಿಂದ.

ಬೆಳಿಗ್ಗೆ ಎಲ್ಲ ಎರಡೆರಡು ಸಲ ನೋಡಿದೆ. ಹುಕ್, ಪಿನ್, ಸರಪಳಿ, ಗಾಳಿ, ಹಿಂದಿನ ಕೆಂಪು ದೀಪ. ಅಣ್ಣ ಬಂದು ಕೂತ. ಒಂದು ಕೈಯಲ್ಲಿ ಜೀಪಿನ ಕಂಬಿ, ಇನ್ನೊಂದರಲ್ಲಿ ಟೊಪ್ಪಿಗೆ. ಇವರೂ ಜಕ್ಕಪ್ಪನೂ ಬೈಕಿನಲ್ಲಿ ಹಿಂದೆ. ಅಕ್ಕ ಮನೆಯ ಕಟ್ಟೆಯ ಮೇಲೆ ನಿಂತಿದ್ದಳು. ಏನೂ ಹೇಳಲಿಲ್ಲ.

ಗುಡ್ಡದ ನೆತ್ತಿಯಲ್ಲಿ ಗೇರ್ ಕೆಳಗಿಳಿಸಿದೆ. ಇಳಿಯತೊಡಗಿತು. ಕನ್ನಡಿಯಲ್ಲಿ ನೋಡಿದೆ. ಹಸಿರು ಮುಖ ಅಲ್ಲೇ ಇದೆ, ನೆಟ್ಟಗೆ, ಜೀಪಿನ ನೆರಳಿನ ಹಾಗೆ. ಹಿಂದೆ ಬಾಲ ಅಲ್ಲಾಡಿದ ಜಾಗ ಬಂತು. ಸ್ಟೇರಿಂಗ್ ಬಿಗಿಯಾಗಿ ಹಿಡಿದೆ. ಅಣ್ಣ ಕಂಬಿಗೆ ಎರಡೂ ಕೈ ಹಾಕಿದ.

ಏನೂ ಆಗಲಿಲ್ಲ. ಅದೇ ವೇಗ, ಅದೇ ರಸ್ತೆ, ಏನೂ ಆಗಲಿಲ್ಲ!

ಆಮೇಲೆ ಎಮ್ಮೆಗಳು.

ತಿರುವು ದಾಟುತ್ತಲೇ, ರಸ್ತೆಯ ತುಂಬ. ಎದುರಿನಿಂದ ಬಸ್ಸು. ಪಕ್ಕಕ್ಕೆ ಜಾಗವಿಲ್ಲ. ಅಣ್ಣ "ಸೋಮೀ!" ಎಂದು ಕೂಗಿದ. ಬ್ರೇಕ್ ಒತ್ತಿದೆ. ನೂಕುತ್ತದೆ ಎಂದು ಬೆನ್ನು ಕಾಯುತ್ತಿತ್ತು. ನೂಕಿತು, ಒಂದೇ ಸಲ, ಸಣ್ಣದಾಗಿ. ಹಿಂದೆ ಕಟಕ್ ಎಂದಿತು. ದಂಡ ಜಾರಿತು, ಬ್ರೇಕ್ ಹಿಡಿಯಿತು. ಯಾರೋ ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡಂತೆ ಜೀಪು, ಟ್ರೇಲರ್ ಎರಡೂ ಒಂದೇ ಗೆರೆಯಲ್ಲಿ ನಿಂತವು. ಎಮ್ಮೆಯೊಂದು ಬಾನೆಟ್ ಮೂಸಿ ನೋಡಿ ನಡೆಯಿತು.

ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. "ಭಾರಿ ನಿಂದ್ರಿಸಿದ್ರಿ ಬಾಯಾರ!"

ಹಿಂದಿನಿಂದ ಜಕ್ಕಪ್ಪ ಕೇಕೆ ಹಾಕುತ್ತ ಓಡಿಬಂದ. "ಹಿಡೀತೋ ಇಲ್ಲೋ? ಹಿಡೀತೋ ಇಲ್ಲೋ?" ರಸ್ತೆಯ ಮೇಲೆ ಅಂಗಾತ ಮಲಗಿ ಟ್ರೇಲರಿನ ಕೆಳಗೆ ನುಸುಳಿ ಕೇಬಲ್ಲನ್ನು ಮುಟ್ಟಿ ಮುಟ್ಟಿ ನೋಡಿದ. ಇವರು ನನ್ನ ಬಾಗಿಲಿನ ಹತ್ತಿರ ನಿಂತರು. ಸ್ಟೇರಿಂಗ್ ಮೇಲಿದ್ದ ನನ್ನ ಕೈಯ ಮೇಲೆ ಕೈ ಇಟ್ಟರು, ಬಸ್ಸಿನ ಜನರೆಲ್ಲ ನೋಡುತ್ತಿದ್ದಾಗಲೇ.

ಅಣ್ಣ ಇಳಿದ. ಟ್ರೇಲರಿನ ಸುತ್ತ ಒಂದು ಸುತ್ತು ಹಾಕಿದ. ಬಾಗಿಲು ತೆಗೆದು ಒಳಗೆ ಬಗ್ಗಿದ. ಬಹಳ ಹೊತ್ತು ತಲೆ ಒಳಗೇ ಇತ್ತು. ಸೋತವನ ಮುಖ ನೋಡಬೇಕೆಂದು ನನಗೆ ಆಸೆಯಿತ್ತು, ಸುಳ್ಳೇಕೆ. ಆದರೆ ತಲೆ ಹೊರಗೆ ತೆಗೆದಾಗ ಅದು ಸೋತವನ ಮುಖವಾಗಿರಲಿಲ್ಲ.

"ಸೋಮಿ, ಇದರಾಗ ಮರಿ ಎಷ್ಟ ಹಿಡೀತಾವು?"

ನವೆಂಬರ್ 11. ಸೋಮವಾರ. ಹುನ್ನೂರ

ಹೊರಟೆವು.

ಬೆಳಿಗ್ಗೆ ಹಿಂಡು ಬಯಲಿನಲ್ಲಿ ಕೂಡಿತು. ಮಾಯವ್ವ ಗೂಡಿಗೆ ಹುಲ್ಲು ಹಾಸಿ ಮರಿಗಳನ್ನು ಒಂದೊಂದಾಗಿ ಎತ್ತಿಕೊಟ್ಟಳು. ತಾಯಿಕುರಿಗಳು ಟ್ರೇಲರಿನ ಸುತ್ತ ನೆರೆದು ಒಂದೇ ಸಮ ಅರಚಾಟ. ಅಣ್ಣ ಭಂಡಾರ ಹಾರಿಸಿದ. ಜೀಪು, ಟ್ರೇಲರ್, ಅಕ್ಕ, ನಾನು, ಎಲ್ಲ ಹಳದಿ. ವ್ಯಾಪಾರಿಗೆ ತಾನೇ ಹೋಗಿ ಹೇಳಿಬಂದಿದ್ದಾನೆ. ಲಾರಿ ಬರಲಿಲ್ಲ.

ಅಕ್ಕನನ್ನು ಇವರು ಮುಂದಿನ ಸೀಟಿಗೆ ಎತ್ತಿ ಕೂರಿಸಿದರು. ಹೊಸ ಇಳಕಲ್ ಸೀರೆ, ಹೆಗಲಿಗೆ ಕಂಬಳಿ.

ನಾನು ಇಪ್ಪತ್ತು ದಿನ ರಜೆ ಹಾಕಿದ್ದೇನೆ. ಹೆಡ್‌ಮಾಸ್ಟರ್ ಕಾರಣ ಕೇಳಿದರು. "ಕುರಿ ಕಾಯಾಕ ಹೊಂಟೇನ್ರಿ," ಎಂದೆ. ತಮಾಷೆ ಎಂದುಕೊಂಡು ಸಹಿ ಮಾಡಿದರು.

ಓಣಿ ದಾಟುವಾಗ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಒಬ್ಬ ಮುದುಕಿ ಕೇಳಿದಳು, "ಸಿದ್ದಕ್ಕಾ, ಎಲ್ಲಿಗವಾ?"

"ಕುರಿ ಹಿಂದ!" ಎಂದಳು ಅಕ್ಕ. "ಈ ಸಲ ಮುಂದ!"

ನವೆಂಬರ್ 17. ತುಬಚಿ ಹತ್ತಿರ

ಎರಿ ಭೂಮಿ. ಕೃಷ್ಣೆಯ ಕಡೆಯಿಂದ ತಂಪು ಗಾಳಿ. ಟ್ರೇಲರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಗಾಲಿಗೆ ಕಲ್ಲು ಕೊಟ್ಟಿದ್ದೇವೆ. ಹಿಂಡು ಬೆಳಿಗ್ಗೆ ಹೋಗಿ ಸಂಜೆ ಇಲ್ಲಿಗೇ ಬರುತ್ತದೆ.

ಹೊಲದ ಯಜಮಾನ ಚನಮಲ್ಲಪ್ಪ ಇವತ್ತು ಬಂದಿದ್ದ. ಕುರಿಗಳನ್ನು ಹೊಲದಲ್ಲಿ ತರುಬಿಸಿದರೆ ಗೊಬ್ಬರ ಅವನಿಗೆ, ಅದಕ್ಕೆ ಪ್ರತಿಯಾಗಿ ಜೋಳ ನಮಗೆ. ಅಕ್ಕನ ಕಾಲು ಹೋಯಿತು, ಬಾಯಿಯೂ ಹೋಗಿರುತ್ತದೆ ಎಂದುಕೊಂಡಿರಬೇಕು. ಮಾಯವ್ವನ ಗಂಡನ ಹತ್ತಿರ ಮಾತು ಶುರು ಮಾಡಿದ.

ಟ್ರೇಲರಿನ ಕಿಟಕಿ ತೆರೆಯಿತು.

"ಚನಮಲ್ಲಪ್ಪಾ, ಹ್ವಾದ ವರ್ಷಕಿಂತ ಕಡಿಮಿ ಹೇಳಾಕತ್ತೀಯಲ್ಲ? ಇಲ್ಲಿ ಬಾ. ನನ್ನ ಕೂಡ ಮಾತಾಡು."

ಅವನು ಬಂದ. ಅವಳು ಮಂಚದ ಮೇಲೆ, ಅವನು ಕೆಳಗೆ, ತಲೆ ಎತ್ತಿ ಮಾತಾಡಬೇಕು. ಬಹಳ ಹೊತ್ತೇನೂ ಹಿಡಿಯಲಿಲ್ಲ. ಹೋದ ವರ್ಷಕ್ಕಿಂತ ಎರಡು ಚೀಲ ಹೆಚ್ಚಿಗೆ ಒಪ್ಪಿ, ಅಕ್ಕನ ಕಲ್ಲಿನಲ್ಲಿ ಮಾಯವ್ವ ಬೀಸಿದ ಹಿಟ್ಟಿನ ರೊಟ್ಟಿ ತಿಂದು ಹೋದ.

ನಾನು ಮರದ ಹಿಂದೆ ಹೋಗಿ ನಕ್ಕೆ.

ನವೆಂಬರ್ 22

ನಿನ್ನೆ ಸಂಜೆ ಅಕಾಲದ ಮಳೆ. ಗುಡುಗು, ಆಲಿಕಲ್ಲು. ಪಕ್ಕದಲ್ಲಿ ಬೀಡು ಬಿಟ್ಟಿದ್ದ ಕುರಿಗಾರರ ಮರಿಗಳು ಬಯಲಲ್ಲಿ. ಅಕ್ಕ ಕಿಟಕಿಯಿಂದ ಕೂಗಿ ಕೂಗಿ ತರಿಸಿದಳು. ಗೂಡು ತುಂಬಿತು, ಮಂಚದ ಕೆಳಗೆ ತುಂಬಿತು, ಮಂಚದ ಮೇಲೂ. ಅಕ್ಕನ ಕಂಬಳಿಯೊಳಗೆ ಮೂರು ತಲೆ. ಒಂದೂ ಸಾಯಲಿಲ್ಲ. ನಮ್ಮವೂ, ಅವರವೂ.

ಬೆಳಿಗ್ಗೆ ಆ ಬೀಡಿನ ಹಿರಿಯಳು ಇಂದ್ರವ್ವ ಬಂದು ಟ್ರೇಲರಿಗೆ ಕೈ ಮುಗಿದಳು. ಆಮೇಲೆ ಕೈ ಸೊಂಟಕ್ಕಿಟ್ಟು ಕೇಳಿದಳು, "ಇಂಥಾದು ನಮಗೊಂದು ಆಗಬೇಕಲ್ಲ. ನಮ್ಮ ಮಗನ ಕಡೆ ಟೆಂಪೋ ಐತಿ. ಕಟ್ಟಬಹುದೇನು?"

"ಮೊದಲ ಟೆಂಪೋ ತೂಗಸ್ರಿ," ಎಂದೆ. "ಅದಕ್ಕ ಹೊಂದೂವಂಗ ಮಾಡಬೇಕು. ನಮ್ಮದು ನಮ್ಮ ಜೀಪಿಗೆ ಅಷ್ಟ."

ಜಕ್ಕಪ್ಪನ ವಿಳಾಸ ಬರೆದುಕೊಟ್ಟೆ. ಅವನು ನೆಲದ ಮೇಲೆ ನಿಲ್ಲುವುದಿಲ್ಲ ಇನ್ನು.

ನವೆಂಬರ್ 24. ರವಿವಾರ. ಮುಂಜಾನೆ

ಇವರು ನಿನ್ನೆ ಬಂದರು. ರಜೆ ಪೂರ್ತಿ ಸಿಗಲಿಲ್ಲ, ನಾಳೆ ಪರೀಕ್ಷೆಗೆ ಬಾ ಎಂದು ಸಾಲೆಯಿಂದ ಹೇಳಿಕಳಿಸಿದ್ದಾರೆ. ಇವತ್ತು ಬೀಡು ಬದಲಾಯಿಸಿ, ಟ್ರೇಲರ್ ನಿಲ್ಲಿಸಿ ನಾವು ಊರಿಗೆ. ಇನ್ನು ರವಿವಾರಕ್ಕೊಮ್ಮೆ ಇವರಾಗಲಿ ನಾನಾಗಲಿ ಬಂದು ಮುಂದಿನ ಹೊಲಕ್ಕೆ ಎಳೆದು ಹೋಗುವುದು. ನಡುವಿನ ದಿನಗಳಲ್ಲಿ ಹಿಂಡು ಮನೆಯ ಸುತ್ತ ತಿರುಗುತ್ತದೆ. ಅಕ್ಕ ಹಾಗೇ ಲೆಕ್ಕ ಹಾಕಿದ್ದಾಳೆ.

ಅವಳನ್ನು ಬಿಟ್ಟುಹೋಗುವುದಕ್ಕೆ ನನಗೇ ಸಂಕಟ. ಅವಳಿಗೆ ಏನೂ ಇಲ್ಲ. ಬೆಳಿಗ್ಗೆ ಕೋಲು ಹಿಡಿದು ಹೊಲದ ಬದುವಿನವರೆಗೆ ಒಬ್ಬಳೇ ಹೋಗಿಬಂದಳು. ಮುಖ ಬಿಸಿಲಿಗೆ ಕಪ್ಪಾಗಿದೆ. ಮಿರಜಿನಿಂದ ಬಂದ ಹೆಂಗಸು ಇವಳಲ್ಲ.

ಇವರು ಮಾಯವ್ವನ ಹತ್ತಿರ ಚಹಾ ಕುಡಿಯುತ್ತಿದ್ದಾರೆ. ನಾನು ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಕ ಹೊರಗಿದ್ದಾಳೆ, ಜೀಪಿನ ಹತ್ತಿರ ಎಲ್ಲೋ. ಹುಕ್ ಇನ್ನೂ ಹಾಕಿಲ್ಲ.

ಹಾರ್ನ್. ಎರಡು ಸಲ. ಕುರಿಗಳೆಲ್ಲ ತಲೆ ಎತ್ತಿದವು.

ಕಿಟಕಿಯಿಂದ ನೋಡಿದೆ. ಜೀಪಿನೊಳಗೆ ಅಕ್ಕ. ಮುಂದಿನ ಸೀಟಿನಲ್ಲಿ ಅಲ್ಲ, ಸ್ಟೇರಿಂಗ್ ಹಿಂದೆ. ಕೋಲು ಪಕ್ಕದ ಸೀಟಿನ ಮೇಲೆ. ಸೆರಗು ಬಿಗಿದು ಸೊಂಟಕ್ಕೆ ಸಿಗಿಸಿದ್ದಾಳೆ.

"ಸೋಮೀ, ಕ್ಲಚ್ ಅಂದ್ರ ಎಡಗಡೀದ ಹೌದಲ್ಲ? ನನ್ನ ಎಡಗಾಲ ಛಲೋ ಐತಿ!"

ಚಾವಿ ನನ್ನ ಹತ್ತಿರ ಇದೆಯಲ್ಲ... ಇಲ್ಲ. ಇಲ್ಲಿಲ್ಲ. ಎಂಜಿನ್ ಶುರುವಾಯಿತು, ಅಯ್ಯೋ ಅಕ್ಕಾ, ನಿಲ್ಲು, ಜೀಪು ಗೇರಿನಲ್ಲೇ ಇದೆ —